ಡಬ್ಬದಲ್ಲಿಟ್ಟ ಅರವತ್ತು ದಿನ

ಜನವರಿ ೭, ಮಂಗಳವಾರ

ತಮ್ಮನ ನೆಮ್ಮದಿಗೆಂದು ಇದುವರೆಗೆ ಆದದ್ದು: ಬೆನ್ನಿಗೆ ಆಸರೆ ಕೊಡುವ ಕುರ್ಚಿ ಒಂದು. ಮಣಿಕಟ್ಟಿಗೆ ಬ್ಯಾಂಡೇಜು ಎರಡು, ಒಂದು ಒಗೆಯಲು ಹಾಕಿದಾಗ ಇನ್ನೊಂದು. ಡಾಕ್ಟರಮ್ಮನ ಹತ್ತಿರ ಹನ್ನೊಂದು ಸಲ. ಧ್ಯಾನ ಕಲಿಸುವ ಆ್ಯಪ್, ಒಂದು ವರ್ಷದ್ದು; ತೆರೆದದ್ದು ಎರಡು ಸಲ, ಎರಡನೆಯದು ಅದನ್ನು ನಿಲ್ಲಿಸುವುದು ಹೇಗೆಂದು ನೋಡಲು. ಕಿಟಕಿಗೆ ಒಂದು ಗಿಡ — ಸತ್ತಿತು. ನನ್ನ ಉಪದೇಶ ಲೆಕ್ಕಕ್ಕಿಲ್ಲ, ಅದು ಬಿಟ್ಟಿ.

ಇಷ್ಟರಲ್ಲಿ ಫಲ ಕೊಟ್ಟದ್ದು ಒಂದೇ. ಅವನೇ ಕಂಡುಕೊಂಡದ್ದು. ಹಳೆಯ ಬಿಸ್ಕತ್ತಿನ ಡಬ್ಬ.

ಲೆಕ್ಕ ಸರಳ. ಪತ್ರಿಕೆಗೆ ವಾರಕ್ಕೆ ಆರು ಬಾತು ಬೇಕು. ಟೈ ಕಟ್ಟಿಕೊಂಡು ಆಫೀಸಿಗೆ ಹೋಗುವ ಬಾತುಕೋಳಿ, ದಿನಕ್ಕೆ ಮೂರು ಚೌಕದ ವ್ಯಂಗ್ಯಚಿತ್ರ, ಹನ್ನೊಂದು ವರ್ಷದಿಂದ. ಅವನು ಏಳು ಬರೆಯುತ್ತಾನೆ. ಏಳನೆಯದು ಡಬ್ಬಕ್ಕೆ. ಡಬ್ಬದಲ್ಲಿ ಒಂದು ಬಾತು ಇದ್ದರೆ ಒಂದು ದಿನ ಪೆನ್ಸಿಲು ಮುಟ್ಟದೆ ಇರಬಹುದು. ಅರವತ್ತಾದರೆ ಹತ್ತು ವಾರ. ಬಾತು ದಿನಾ ಆಫೀಸಿಗೆ ಹೋಗುತ್ತಿರುತ್ತದೆ, ಇವನು ಮಲಗಿರುತ್ತಾನೆ. ಸಂಪಾದಕರಿಗೂ ತಿಳಿಯುವುದಿಲ್ಲ.

ಇವತ್ತಿಗೆ ನಲವತ್ತೊಂಬತ್ತು. ಎಂದಿನಂತೆ ಏಳನ್ನೂ ತಂದು ಸ್ಕ್ಯಾನ್ ಮಾಡಿದೆ. ಆರು ಪತ್ರಿಕೆಗೆ ಹೋಯಿತು. ಏಳನೆಯದು ನನ್ನ ಕಂಪ್ಯೂಟರಿನಲ್ಲಿ ‘ರಜೆ’ ಎಂದು ಹೆಸರಿಟ್ಟ ಫೋಲ್ಡರಿಗೆ. ಮೂಲಪ್ರತಿ ವಾಪಸ್ ಅವನ ಡಬ್ಬಕ್ಕೆ. ಪಾರ್ಟಿಗಳ ಜೊತೆ ಮಾತು, ಸಹಿ, ಕಾಗದ ಎಲ್ಲ ನಂದು. ಗೆರೆ ಮಾತ್ರ ಅವನದು.

ಜನವರಿ ೨೧, ಮಂಗಳವಾರ, ಬೆಳಿಗ್ಗೆ ೧೧

ಅಮ್ಮನ ಮನೆಯ ಮೇಲಿನ ಕೋಣೆಗೆ ಹೋದಾಗ ಬರೆಯುತ್ತಿದ್ದ. ಎಡಗೈಯಲ್ಲಿ ಬಲಗೈ ಮಣಿಕಟ್ಟು ಹಿಡಿದುಕೊಂಡು, ಮಗುವಿಗೆ ಅಕ್ಷರ ತಿದ್ದಿಸುವವರ ಹಾಗೆ. ಈಗೀಗ ಕೊನೆಯ ಚೌಕವನ್ನೇ ಮೊದಲು ಬರೆಯುತ್ತಾನಂತೆ. ಮೂರನೆಯದಕ್ಕೆ ಬರುವಷ್ಟರಲ್ಲಿ ಬಾತಿನ ಮುಖ ಕೈಗೆ ಬರುವುದಿಲ್ಲ. ಕಣ್ಣು ಹಾಕಿದರೆ ಸತ್ತ ಕಣ್ಣು. ನಗೆಯನ್ನು ಮೊದಲು ಬರೆದಿಟ್ಟು ಆಮೇಲೆ ಅದಕ್ಕೆ ಕಾರಣ ಹುಡುಕುವುದು.

ಹೇಗಿದ್ದೀಯ ಎಂದೆ.

“ಬಾತು ನನಗಿಂತ ಆರಾಮಾಗಿದೆ. ಅದಕ್ಕೆ ಐದು ಗಂಟೆಗೆ ಆಫೀಸ್ ಬಿಡತ್ತೆ.”

ಹತ್ತು ವಾರದಲ್ಲಿ ಎಲ್ಲಿಗಾದರೂ ಹೋಗುತ್ತೀಯಾ, ಟಿಕೆಟ್ ಮಾಡಿಸಲೇ ಎಂದೆ. ಬೇಡವಂತೆ. ಮಲಗುವುದು. ಕೆಳಗೆ ಅಮ್ಮನ ಜೊತೆ ಕೂತು ಬಿಸಿಬಿಸಿ ಉಣ್ಣುವುದು. ಬಾತಲ್ಲದ್ದು ಏನಾದರೂ ಬರೆಯಬೇಕು ಅನಿಸುತ್ತದೋ ಎಂದು ಕಾದು ನೋಡುವುದು. ಡಾಕ್ಟರಮ್ಮ ಹೇಳಿದ್ದೂ ಅದನ್ನೇ: ಪೂರ್ತಿ ಒಣಗುವ ಮೊದಲು ನಿಲ್ಲಿಸಿ, ಆಗ ಮತ್ತೆ ಶುರು ಮಾಡಬಹುದು.

“ಓಡಿಹೋಗೋ ರಜೆ ಅಲ್ಲ ಅಕ್ಕ. ವಾಪಸ್ ಬರೋಕೆ ಅಂತ ಹೋಗೋ ರಜೆ.”

ತಲೆಯಾಡಿಸಿದೆ. ನನಗೆ ರಜೆ ಎಂದರೆ ಅಂಗಡಿ ಬಾಗಿಲು ಹಾಕಿದ ದಿನ, ಅಷ್ಟೆ. ಜೆರಾಕ್ಸ್ ಅಂಗಡಿಯ ಕೌಂಟರಿನಿಂದ ಬಂದವಳು ನಾನು. ಮನೆಮನೆ ಸುತ್ತಿ ಜಾಹೀರಾತು ಹಿಡಿದವಳು. ಈ ಬಾತನ್ನು ಬಗಲಲ್ಲಿಟ್ಟುಕೊಂಡು ನಾಲ್ಕು ದಿನ ಪತ್ರಿಕೆಯ ಕಾರಿಡಾರಿನಲ್ಲಿ ಕೂತಿದ್ದೆ, ಐದನೆಯ ದಿನ ನನ್ನ ಮಾತು ತಾಳಲಾರದೆ ಸಂಪಾದಕರು ಹೂಂ ಅಂದರು.

ಜನವರಿ ೩೦, ಗುರುವಾರ

ಮೊಬೈಲ್ ಕಂಪನಿಯವನೊಬ್ಬ ಬಂದಿದ್ದ. ಇಸ್ತ್ರಿ ಮಾಡಿದ ನಗೆ. ಹೊಸ ಆ್ಯಪ್ ಬರುತ್ತಿದೆ, ಅದರಲ್ಲಿ ಚಿತ್ರಕಥೆಗಳು. ಬಾತು ಬೇಕು. ಆದರೆ ಎಲ್ಲೂ ಬಂದಿರದ್ದು ಬೇಕು, ಒಟ್ಟಿಗೆ ಐವತ್ತು ಬೇಕು, ಸೋಮವಾರದೊಳಗೆ ಬೇಕು. ಆಗದಿದ್ದರೆ ಇನ್ನೊಬ್ಬ ಕಲಾವಿದನ ಹತ್ತಿರ ಒಂದು ಬೆಕ್ಕು ಇದೆಯಂತೆ.

ಎಲ್ಲೂ ಬಂದಿರದ ಐವತ್ತು ಯಾರ ಹತ್ತಿರ ಇರುತ್ತದೆ ಸ್ವಾಮಿ ಎಂದು ಕೇಳಲು ಬಾಯಿ ತೆರೆದೆ. ಮುಚ್ಚಿದೆ.

ಫೋಲ್ಡರಿನಲ್ಲಿ ಐವತ್ತೆರಡು.

ಫೆಬ್ರವರಿ ೩, ಸೋಮವಾರ

ಸಹಿ ಹಾಕಿದೆ.

ಬರೆದಿಡುತ್ತೇನೆ, ಆಮೇಲೆ ನನಗೇ ಬೇಕಾದೀತು. ಒಂದು: ಆ್ಯಪ್‌ನಲ್ಲಿ ಬಾತು ನಿಂತರೆ ವರ್ಷದ ಕೊನೆಗೆ ಪತ್ರಿಕೆಯನ್ನೇ ಬಿಡಬಹುದು. ಹತ್ತು ವಾರವಲ್ಲ, ಜೀವನಪೂರ್ತಿ ರಜೆ. ಎರಡು: ಐವತ್ತು ಬಾತು ಸುಮ್ಮನೆ ಬಿದ್ದಿವೆ, ಕಪಾಟಿನ ಸರಕು. ಮೂರು: ಒಮ್ಮೆ ತುಂಬಿಸಿದವನು ಇನ್ನೊಮ್ಮೆ ತುಂಬಿಸುತ್ತಾನೆ. ನಾಲ್ಕು: ಬೆಕ್ಕು.

ಈ ಐವತ್ತು ಇನ್ನೆಲ್ಲೂ ಬರಕೂಡದು ಎಂದು ಕರಾರಿನಲ್ಲಿದೆ. ಓದಿದೆ. ಓದಿಯೇ ಹಾಕಿದ್ದು.

ತಮ್ಮನಿಗೆ ಹೇಳಿಲ್ಲ. ಒಳ್ಳೆಯ ಸುದ್ದಿಯನ್ನು ಒಳ್ಳೆಯ ಹೊತ್ತು ನೋಡಿ ಹೇಳಬೇಕು.

ಫೆಬ್ರವರಿ ೧೧, ಮಂಗಳವಾರ

ಹೇಳಬೇಕೆಂದೇ ಹೋದೆ. ಅವನು ಮಣಿಕಟ್ಟಿಗೆ ಐಸ್ ಇಟ್ಟುಕೊಂಡಿದ್ದ. ಹವೆಯ ಬಗ್ಗೆ ಮಾತಾಡಿ ಬಂದೆ. ನಾನು, ಹವೆಯ ಬಗ್ಗೆ...

ಮಾರ್ಚ್ ೨೧, ಶುಕ್ರವಾರ

ಅರವತ್ತು ಆಯಿತು. ಸೋಮವಾರದಿಂದ ರಜೆ ಎಂದ. ಬ್ರಷ್ಷುಗಳನ್ನು ತೊಳೆದು ಒಣಗಿಸಿ ಬಟ್ಟೆಯಲ್ಲಿ ಸುತ್ತಿದ್ದ. ಮೇಜು ಒರೆಸಿದ್ದ. ಹನ್ನೊಂದು ವರ್ಷದಲ್ಲಿ ಆ ಮೇಜಿನ ಮರದ ಬಣ್ಣ ಇವತ್ತೇ ನೋಡಿದ್ದು. ಡಬ್ಬ ತೆಗೆದು ತೋರಿಸಿದ. ಮುಚ್ಚಳ ಕೂರುವುದಿಲ್ಲ, ಅಷ್ಟು ತುಂಬಿದೆ. ಕಾಗದ ಎಲ್ಲ ಇದೆ. ದಿನ ಇರುವುದು ಹತ್ತು. ಅದು ನನಗೊಬ್ಬಳಿಗೇ ಗೊತ್ತು.

ಕೆಳಗೆ ಬಂದು ಗೇಟಿನ ಹತ್ತಿರ ನಿಂತೇ ಕಂಪನಿಯವನಿಗೆ ಫೋನ್ ಮಾಡಿದೆ. ಬೇಡಿಕೊಂಡೆ ಎಂದೇ ಬರೆಯಬೇಕು. ಆ ಐವತ್ತನ್ನು ಹತ್ತು ವಾರಕ್ಕೆ ವಾಪಸ್ ಕೊಡಿ, ಆಮೇಲೆ ಹೊಸದು ಎರಡರಷ್ಟು ಕೊಡಿಸುತ್ತೇನೆ ಎಂದೆ. ಅವನು ಬಹಳ ಮರ್ಯಾದೆಯಿಂದ ಮಾತಾಡಿದ. ಮರ್ಯಾದೆಯಿಂದ ಮಾತಾಡುವವರ ಜೊತೆ ಚೌಕಾಸಿ ಆಗುವುದಿಲ್ಲ. “ಲೀಗಲ್‌ನವರು ಒಪ್ಪಲ್ಲ ಮೇಡಂ” ಎಂದು ಮೂರು ಸಲ ಹೇಳಿದ, ಮೂರೂ ಸಲ ಒಂದೇ ದನಿಯಲ್ಲಿ.

ಮಾರ್ಚ್ ೨೮, ಶುಕ್ರವಾರ

ಅಮ್ಮನ ಫೋನು. ದಿನಾ ಎಂಟರವರೆಗೆ ಮಲಗುತ್ತಾನಂತೆ. ಮಧ್ಯಾಹ್ನ ಕೆಳಗೆ ಬಂದು ಉಣ್ಣುತ್ತಾನಂತೆ. ನಿನ್ನೆ ಅಮ್ಮನ ಚಪ್ಪಲಿಯನ್ನು ಒಂದು ಚೀಟಿಯ ಮೇಲೆ ಬರೆದಿದ್ದಾನೆ, ಎಡಗಾಲಿನದು ಮಾತ್ರ. ಚೆನ್ನಾಗಿದೆ, ಆದರೆ ಒಂದೇ ಯಾಕೆ ಎಂದು ಅಮ್ಮನ ತಕರಾರು.

ಬಾತಲ್ಲದ್ದು. ತಾನಾಗಿಯೇ.

ಇನ್ನು ಆರು ದಿನಕ್ಕೆ ಆಗುವಷ್ಟಿದೆ. ಅದು ಗುರುವಾರಕ್ಕೆ ಮುಗಿಯುತ್ತದೆ. ಏಳು ವರ್ಷದ ಹಿಂದಿನ ಎರಡು ಬಾತು ಹುಡುಕಿ ತೆಗೆದು, ತಾರೀಕು ಅಳಿಸಿ, ಶುಕ್ರವಾರ–ಶನಿವಾರಕ್ಕೆ ಸೇರಿಸಿ ಕಳಿಸಿದೆ. ಯಾರಿಗೆ ನೆನಪಿರುತ್ತದೆ.

ಏಪ್ರಿಲ್ ೫, ಶನಿವಾರ, ಬೆಳಿಗ್ಗೆ ೯

ಎಲ್ಲರಿಗೂ ನೆನಪಿದೆ. ನಿನ್ನೆಯ ಬಾತು ಹಳೆಯದೆಂದು ಪತ್ರಿಕೆಗೆ ಹದಿನಾರು ಫೋನಂತೆ. ಒಬ್ಬ ಮೇಷ್ಟ್ರು ಕತ್ತರಿಸಿ ಅಂಟಿಸಿಟ್ಟ ಪುಸ್ತಕ ಹಿಡಿದುಕೊಂಡು ಖುದ್ದಾಗಿ ಬಂದಿದ್ದಾರೆ. ಸಂಪಾದಕರು ಕೂಗಾಡಲಿಲ್ಲ. ಕೂಗಾಡಿದ್ದರೆ ನಾನೂ ಕೂಗಾಡುತ್ತಿದ್ದೆ, ಅದು ನನಗೆ ಬರುತ್ತದೆ.

ಹತ್ತು ವಾರ ಬಿಡುವು ಕೊಡಿ ಎಂದು ಕೇಳಿದೆ. ಈ ಮಾತನ್ನು ಹನ್ನೊಂದು ವರ್ಷದಲ್ಲಿ ಮೊದಲ ಸಲ ಕೇಳುತ್ತಿದ್ದೇನೆ ಎಂದು ಕೇಳಿದ ಮೇಲೆ ಹೊಳೆಯಿತು.

“ಕೊಡಬಹುದು ಮೇಡಂ. ಆ ಜಾಗಕ್ಕೆ ಪದಬಂಧ ಬರುತ್ತೆ. ಬಂದ ಮೇಲೆ ಅದನ್ನ ಎಬ್ಬಿಸೋದು ನನ್ನ ಕೈಲಿಲ್ಲ.”

ಮಂಗಳವಾರದೊಳಗೆ ಹೊಸ ಆರು ಬೇಕಂತೆ.

ಏಪ್ರಿಲ್ ೬, ಭಾನುವಾರ

ಹೇಳಿದೆ.

ಅಮ್ಮ ಒಳಗಿದ್ದಳು. ಅವನು ಹಿಂದಿನ ಮೆಟ್ಟಿಲ ಮೇಲೆ ಕೂತು ಪೆನ್ಸಿಲ್ ಚೂಪು ಮಾಡುತ್ತಿದ್ದ, ಬರೆಯಲು ಅಲ್ಲ, ಸುಮ್ಮನೆ. ಒಂದು, ಎರಡು, ಮೂರು, ನಾಲ್ಕು ಎಂದು ಕಾರಣ ಜೋಡಿಸಿಕೊಂಡು ಹೋಗಿದ್ದೆ. ಎರಡರ ಹತ್ತಿರ ನಾಲಿಗೆ ನಿಂತಿತು. ಸಿಟ್ಟಾಗುತ್ತಾನೆ ಎಂದುಕೊಂಡಿದ್ದೆ. ಸಿಟ್ಟಿಗೆ ಉತ್ತರ ಇಟ್ಟುಕೊಂಡಿದ್ದೆ.

ಎಷ್ಟು ದಿನ ಆಯಿತು ಎಂದು ಕೇಳಿದ. ರಜೆ ಶುರುವಾಗಿ ಎರಡು ವಾರ ಎಂದೆ. ತಲೆಯಾಡಿಸಿದ. ಸಿಪ್ಪೆಯನ್ನು ಅಂಗೈಗೆ ಬಳಿದುಕೊಂಡು ಎದ್ದ.

ಮೊದಲೇ ಕೇಳಬೇಕಿತ್ತು, ನಿನ್ನನ್ನು ಕೇಳದೆ ಮಾಡಿದ್ದು ತಪ್ಪು ಎಂದೆ.

“ಕೇಳಿದ್ರೆ ಕೊಟ್ಟುಬಿಡ್ತಿದ್ದೆ ಅಕ್ಕ. ನಂಗೆ ಆಗಲ್ಲ ಅನ್ನೋಕೆ ಬರಲ್ಲ. ಅದಕ್ಕೇ ಅಲ್ವಾ ನಿನ್ನನ್ನ ಮುಂದೆ ನಿಲ್ಲಿಸಿದ್ದು.”

ಬಯ್ಯುವ ದನಿಯೇ ಅಲ್ಲ. ಬಸ್ಸು ಎಷ್ಟು ಹೊತ್ತಿಗೆ ಎಂದು ಹೇಳುವ ಹಾಗೆ. ಮೇಲೆ ಹೋದ. ಬ್ರಷ್ಷಿನ ಗಂಟು ಬಿಚ್ಚುವುದು ಕೆಳಗಿನಿಂದ ಕೇಳಿಸುವುದಿಲ್ಲ. ಕುರ್ಚಿ ಎಳೆದದ್ದು ಕೇಳಿಸಿತು.

ಏಪ್ರಿಲ್ ೮, ಮಂಗಳವಾರ

ಆರು ಕೊಟ್ಟ. ಏಳನೆಯದು ಇಲ್ಲ. ನಾನು ಕೇಳಲಿಲ್ಲ.

ಏಪ್ರಿಲ್ ೨೯, ಮಂಗಳವಾರ

ಬಾತು ಈಗ ಬೆನ್ನು ತೋರಿಸಿ ನಿಲ್ಲುತ್ತದೆ. ಮೂರೂ ಚೌಕದಲ್ಲಿ ಬೆನ್ನು, ಮುಂದೆ ಖಾಲಿ ಆಫೀಸು. ಮೊದಲು ಕಾಫಿ ಲೋಟವಾದರೂ ಇತ್ತು, ಈ ವಾರ ಅದೂ ಇಲ್ಲ. ಯಾಕೋ ಎಂದು ಕೇಳಿದರೆ, ಬೆನ್ನಿಗೆ ಕಣ್ಣು ಬರೆಯಬೇಕಾಗಿಲ್ಲವಲ್ಲ ಎಂದ.

ಸಂಪಾದಕರಿಗೆ ಭಾರಿ ಖುಷಿ. ಓದುಗರ ಪತ್ರ ರಾಶಿ ಬೀಳುತ್ತಿವೆಯಂತೆ. ಕಲಾವಿದರು ಪಕ್ವಗೊಂಡಿದ್ದಾರೆ, ಎಂಥ ಆಳ, ಎಂಥ ಮೌನ. ವಿಶೇಷ ಸಂಚಿಕೆಗೆ ಪೂರ್ತಿ ಪುಟ ಮಾಡಿಸಿಕೊಡಿ ಎಂದರು.

ಆಗುವುದಿಲ್ಲ ಎಂದೆ. ಹೇಳಿದೆ, ನಿಜವಾಗಿ ಹೇಳಿದೆ. ಆದರೆ ಹನ್ನೊಂದು ವರ್ಷ ಬರೀ ಹೂಂ ಅಂದ ಬಾಯಿ. ಆಗುವುದಿಲ್ಲ ಅನ್ನುವುದು ಅದರಲ್ಲಿ ದರ ಏರಿಸುವ ಹಾಗೆ ಕೇಳಿಸುತ್ತದೆ. ಸಂಪಾದಕರು ನಕ್ಕು, ಸರಿ, ಸ್ವಲ್ಪ ಹೆಚ್ಚು ಮಾಡೋಣ ಎಂದರು. ಫೋನಿಟ್ಟ ಮೇಲೆ ತಮ್ಮನಿಗೆ ಅವರೇ ನೇರವಾಗಿ ಮಾಡಿ ಕೇಳಿದ್ದಾರೆ. ಅವನು ಆಗಲಿ ಅಂದಿದ್ದಾನೆ.

ಮೇ ೧೬, ಶುಕ್ರವಾರ

ಆ್ಯಪ್ ಬಂತು. ಐವತ್ತು ಬಾತುಗಳು ಅಲ್ಲಾಡುತ್ತವೆ, ಕಣ್ಣು ಮಿಟುಕಿಸುತ್ತವೆ. ಅಮ್ಮನಿಗೆ ತೋರಿಸಿದೆ. ಇದು ನಗುತ್ತಿದೆಯಲ್ಲ, ಹೊಸದೋ ಎಂದಳು. ಹಳೆಯದು ಎಂದೆ. ಎರಡನೆಯ ಕಂತು ಕೇಳಿದರೆ, ಜನ ಹೇಗೆ ನೋಡುತ್ತಾರೋ ನೋಡಿ ಆಮೇಲೆ ತಿಳಿಸುತ್ತೇವೆ ಎಂದ ಕಂಪನಿಯವನು. ಮುಂದಿನ ತಿಂಗಳು ಬೆಕ್ಕೂ ಬರುತ್ತದಂತೆ.

ಡಾಕ್ಟರಮ್ಮನನ್ನು ಕಂಡೆ, ಅವನಿಲ್ಲದೆ. ರಜೆ ಕೊಡಿಸುವ ದಾರಿ ಹೇಳಿ ಎಂದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, “ಅವರಿಗೆ ರಜೆ ಬೇಕಿದ್ದಾಗ ಚೆನ್ನಾಗಿತ್ತು. ಈಗ ಏನೂ ಬೇಡ ಅಂತಾರೆ” ಎಂದರು. ಮಾತ್ರೆ ಬರೆದಿದ್ದಾರಂತೆ. ನನಗೆ ಗೊತ್ತೇ ಇರಲಿಲ್ಲ. ಅವನ ವ್ಯವಹಾರವೆಲ್ಲ ನೋಡಿಕೊಳ್ಳುವವಳು ನಾನು.

ಜೂನ್ ೧೨, ಗುರುವಾರ, ಮಧ್ಯಾಹ್ನ ೨

ಅಮ್ಮ ಕರೆಸಿದಳು. ಮೇಲೆ ಹೋಗಿ ನೋಡಿದೆ. ಬೆಳಿಗ್ಗೆ ಏಳರಿಂದ ಕೂತಿದ್ದಾನೆ, ಕೈಯಲ್ಲಿ ಪೆನ್ಸಿಲು, ಮುಂದೆ ಮೂರು ಚೌಕ ಗೀಚಿದ ಹಾಳೆ. ಚೌಕ ಬಿಟ್ಟರೆ ಏನೂ ಇಲ್ಲ. ಅಳುತ್ತಿಲ್ಲ. ಸರದಿಯಲ್ಲಿ ನಿಂತವರ ಹಾಗೆ ಸಭ್ಯವಾಗಿ ಹಾಳೆಯ ಕಡೆ ನೋಡುತ್ತಿದ್ದಾನೆ.

ಪಕ್ಕದಲ್ಲಿ ಕೂತೆ. ಏನಾದರೂ ಹೇಳಬೇಕು. ಎಂಥೆಂಥವರನ್ನೋ ಏನೇನೋ ಮಾತಾಡಿ ಒಪ್ಪಿಸಿದ ಬಾಯಿ. ಒಂದು ಗಂಟೆ ಕೂತೆ. ಕೊನೆಗೆ ಪೆನ್ಸಿಲನ್ನು ಅವನ ಬೆರಳಿನಿಂದ ಬಿಡಿಸಿಕೊಂಡೆ. ಬಿಟ್ಟುಕೊಟ್ಟ. ಹಿಡಿದೇ ಇರಲಿಲ್ಲವೇನೋ ಅನ್ನುವಷ್ಟು ಸಲೀಸಾಗಿ.

“ಅಕ್ಕ, ಅದು ಹೇಗೆ ಬರೀತಿದ್ದೆ ನಾನು?”

ಮೊದಲು ಕೊಕ್ಕು ಬರೆಯುತ್ತಿದ್ದೆ ಎಂದೆ. ನೆನಪಿಟ್ಟುಕೊಳ್ಳಲು ಪ್ರಯತ್ನಿಸುವವನ ಹಾಗೆ, ಓ, ಕೊಕ್ಕು ಎಂದ.

ಜೂನ್ ೧೩, ಶುಕ್ರವಾರ

ಸಂಪಾದಕರ ಎದುರು ಕೂತು ನಿಲ್ಲಿಸಿದ್ದೇವೆ ಎಂದು ಹೇಳಿಬಂದೆ. ಈ ಸಲ ಅವರಿಗೆ ದರ ಕೇಳಿಸಲಿಲ್ಲ. ನನ್ನ ಮುಖ ನೋಡಿ ನೀರು ತರಿಸಿದರು.

ಜುಲೈ ೩೧, ಗುರುವಾರ, ಸಂಜೆ ೫

ಯಾರಿಗೆ ಏನಾಯಿತು, ಒಮ್ಮೆ ಬರೆದುಬಿಡುವುದು ಒಳ್ಳೆಯದು.

ಕಂಪನಿಗೆ: ಐವತ್ತು ಬಾತು, ಶಾಶ್ವತವಾಗಿ.

ಸಂಪಾದಕರಿಗೆ: ಪದಬಂಧ. ಹೊತ್ತಿಗೆ ಸರಿಯಾಗಿ ಬರುತ್ತದೆ, ಮಣಿಕಟ್ಟು ನೋಯುವುದಿಲ್ಲ.

ಓದುಗರಿಗೆ: ಒಂದು ತಿಂಗಳು ಬೇಜಾರು. ಆಮೇಲೆ ಪದಬಂಧದ ಉತ್ತರ ತಪ್ಪಾಗಿದೆ ಎಂಬ ಜಗಳ.

ಅಮ್ಮನಿಗೆ: ಮಧ್ಯಾಹ್ನ ಊಟಕ್ಕೆ ಒಂದು ಜೊತೆ. ಅವನು ಮಾತಾಡುವುದಿಲ್ಲ, ಆದರೆ ಬಡಿಸಿದ್ದು ಉಣ್ಣುತ್ತಾನೆ. ಅವಳಿಗೆ ಇದು ಕಡಿಮೆಯೇನಲ್ಲ, ಅವಳೇ ಹೇಳಿದಳು.

ನನಗೆ: ಕಂಪನಿಯ ದುಡ್ಡಿನಲ್ಲಿ ಹತ್ತರಲ್ಲೊಂದು ಪಾಲು. ಬಂದಿದೆ.

ತಮ್ಮನಿಗೆ: ರಜೆ. ಎಷ್ಟು ದಿನದ್ದು ಎಂದು ಬರೆದುಕೊಳ್ಳಲು ಈಗ ಕೇಳಿ ಬಂದೆ. ಕಿಟಕಿಯ ಹತ್ತಿರ ನಿಂತಿದ್ದ. ತಿರುಗಿ ನನ್ನ ಮುಖ ನೋಡಿ, ಯಾವುದರದ್ದು ಎಂದ. ಬರೆಯುವುದರದ್ದು ಕಣೋ, ವಾಪಸ್ ಯಾವಾಗ ಎಂದೆ. ನೀನೇ ಬರ್ಕೋ ಅಕ್ಕ, ಎಷ್ಟಾದ್ರೂ ಆಗತ್ತೆ ಎಂದು ಅವನು ಮತ್ತೆ ಕಿಟಕಿಯ ಕಡೆ ತಿರುಗಿದ.