ಎಡಗಡೆಯ ಹದಿಮೂರನೆಯ ಎಲುಬು

ಕಾರ್ಖಾನೆಯ ಊಟದ ಕೋಣೆಯಿಂದ,
೧೪ನೇ ತಾರೀಕು, ಗುರುವಾರ ಮಧ್ಯಾಹ್ನ

ಪ್ರೀತಿಯ ಅಮ್ಮಾ,

ಹೇಗಿದ್ದೀಯಾ? ಮಂಡಿನೋವು ಇಳಿದಿದೆಯೇ? ಹೊಸ ಕನ್ನಡಕ ಮೂಗಿನ ಮೇಲೆ ಕೂತಿದೆಯೇ, ಇಲ್ಲ ಎಂದಿನಂತೆ ಡಬ್ಬಿಯೊಳಗೇ ವಿಶ್ರಾಂತಿ ತೆಗೆದುಕೊಳ್ಳುತ್ತಿದೆಯೇ? ನೀನು ದಿನಾ ಬೆಳಿಗ್ಗೆ ಪಾರ್ಕಿನ ಗೇಟಿನವರೆಗೆ ಹೋಗಿ ಹಿಂದಿರುಗುತ್ತೀಯೆಂದು ಅಕ್ಕ ಹೇಳಿದಳು. ಗೇಟಿನವರೆಗೆ ಹೋದವಳು ಒಳಗೂ ಒಂದು ಸುತ್ತು ಹಾಕಬಾರದೇ ಎಂದು ಅವಳು ಕೇಳಿದರೆ, "ಒಳಗೆ ಹೋದ್ರೆ ಮಾತಾಡ್ಸೋಕೆ ಜನ ಸಿಕ್ತಾರೆ" ಅಂದೆಯಂತೆ. ಹುಟ್ಟುಗುಣ ಸುಟ್ಟರೂ ಹೋಗದು ಎಂದು ನಾವಿಬ್ಬರೂ ಫೋನಿನಲ್ಲೇ ನಕ್ಕೆವು.

ಮೊದಲೇ ಹೇಳಿಬಿಡುತ್ತೇನೆ, ನಾನು ಚೆನ್ನಾಗಿದ್ದೇನೆ. ಗಾಬರಿಯಾಗಬೇಡ ಎಂದು ಶುರುವಾಗುವ ಪತ್ರ ಓದಿ ಗಾಬರಿಯಾಗದವರು ಯಾರೂ ಇಲ್ಲ, ಅದಕ್ಕೇ ಆ ಮಾತು ಬರೆಯುತ್ತಿಲ್ಲ. ಕಳೆದ ಐದು ವಾರ ನಾನು ಇನ್ನು ಉಳಿಯುವುದಿಲ್ಲ ಎಂದುಕೊಂಡಿದ್ದೆ. ಉಳಿಯುತ್ತೇನೆ ಎಂದು ಮೊನ್ನೆ ಮಂಗಳವಾರ ಹನ್ನೊಂದೂಕಾಲಿಗೆ ಗೊತ್ತಾಯಿತು. ಫೋನಿನಲ್ಲಿ ಹೇಳೋಣವೆಂದರೆ ನಿನ್ನ ಕಿವಿಗೆ ಕೂಗಬೇಕು, ಇದು ಕೂಗಿ ಹೇಳುವ ಸುದ್ದಿಯಲ್ಲ. ಅದೂ ಅಲ್ಲದೆ ಇದರಲ್ಲಿ ಅರ್ಧ ನಿನಗೆ ಸೇರಿದ್ದು. ನಿಧಾನವಾಗಿ ನೀನೇ ಓದು, ಅಕ್ಕನ ಕೈಲಿ ಓದಿಸಬೇಡ.

ಒಂದು ಭಾನುವಾರ ಸ್ನಾನ ಮಾಡುತ್ತಾ ಕುತ್ತಿಗೆಗೆ ಸೋಪು ಹಚ್ಚುವಾಗ, ಎಡಗಡೆ, ಕುತ್ತಿಗೆ ಹೆಗಲಿಗೆ ಇಳಿಯುವಲ್ಲಿನ ಗುಳಿಯಲ್ಲಿ ಬೆರಳಿಗೆ ಏನೋ ಗಟ್ಟಿಯಾಗಿ ಸಿಕ್ಕಿತು. ಒತ್ತಿದರೆ ಜಾರಲಿಲ್ಲ, ಅಲ್ಲಾಡಲಿಲ್ಲ. ಬಲಗಡೆ ಮುಟ್ಟಿ ನೋಡಿದೆ, ಅಲ್ಲಿ ಬರೀ ಗುಳಿ. ಬೇರೆ ಯಾರಾಗಿದ್ದರೂ ಏನೋ ಮೂಳೆ ಇರಬೇಕು ಎಂದುಕೊಂಡು ಟವೆಲ್ ಸುತ್ತಿಕೊಂಡು ಹೊರಗೆ ಬರುತ್ತಿದ್ದರು. ನನಗೆ ಹಾಗೆ ಅಂದುಕೊಳ್ಳುವ ಭಾಗ್ಯ ಇರಲಿಲ್ಲ, ಅದಕ್ಕೆ ಕಾರಣ ನನ್ನ ಕೆಲಸ.

ಎಷ್ಟು ಸಲ ತಿಳಿಸಿ ಹೇಳಿದರೂ ನೀನು ನೆಂಟರೆದುರು "ಇವಳು ಗೊಂಬೆ ಕಾರ್ಖಾನೇಲಿದ್ದಾಳೆ" ಅಂತಲೇ ಹೇಳುತ್ತೀಯಾ. ಗೊಂಬೆಯೇನೋ ಹೌದು, ಆದರೆ ಚರ್ಮ ಮಾಂಸ ಇಲ್ಲದ ಗೊಂಬೆ. ಡಾಕ್ಟರಿಕೆ ಓದುವ ಮಕ್ಕಳಿಗಾಗಿ ಪ್ಲಾಸ್ಟಿಕ್ಕಿನ ಅಸ್ಥಿಪಂಜರ ಮಾಡುತ್ತೇವೆ. ತಲೆಬುರುಡೆಯ ಮೇಜು ಬೇರೆ, ಕೈಕಾಲಿನ ಮೇಜು ಬೇರೆ. ನಾನು ಹತ್ತೊಂಬತ್ತು ವರ್ಷದಿಂದ ಎದೆಗೂಡಿನ ಮೇಜಿನವಳು. ಹಿಂದೆ ಬೆನ್ನಿನ ಮಣಿಗಳು, ಮುಂದೆ ಎದೆಯ ನಡುವಿನ ಚಪ್ಪಟೆ ಮೂಳೆ, ಎರಡರ ಮಧ್ಯೆ ಬದಿಗೆ ಹನ್ನೆರಡರಂತೆ ಪಕ್ಕೆಲುಬು. ಮೇಲಿನ ಏಳು ತಾವೇ ನೇರವಾಗಿ ಬಂದು ಮುಂದಿನ ಮೂಳೆಯನ್ನು ಸೇರುತ್ತವೆ. ಸೇರುವ ಕಡೆ ನಾವು ರಬ್ಬರಿನ ತುಂಡು ಹಾಕುತ್ತೇವೆ. ಜೀವ ಇರುವವರಲ್ಲಿ ಅಲ್ಲಿ ಕಿವಿಯಲ್ಲಿರುವಂಥ ಬಾಗುವ ಮೂಳೆ ಇರುತ್ತದೆ, ಉಸಿರೆಳೆದಾಗ ಎದೆ ಹಿಗ್ಗುವುದು ಅದರ ದಯೆಯಿಂದ. ಆಮೇಲಿನ ಮೂರು ಅಷ್ಟು ದೂರ ಬರಲಾರದೆ ಮೇಲಿನದಕ್ಕೇ ಒರಗಿಕೊಳ್ಳುತ್ತವೆ. ಕೊನೆಯ ಎರಡು ಮುಂದೆ ಯಾರಿಗೂ ಅಂಟಿಕೊಳ್ಳುವುದಿಲ್ಲ, ಅವಕ್ಕೆ ನಮ್ಮ ಮೇಜಿನಲ್ಲಿ "ಬ್ರಹ್ಮಚಾರಿಗಳು" ಎಂದು ಹೆಸರು. ಎಲ್ಲಕ್ಕಿಂತ ಮೊಂಡು ಒಂದನೆಯದು. ಗಿಡ್ಡ, ಚಪ್ಪಟೆ, ಕುಡುಗೋಲಿನ ಹಾಗೆ ಬಾಗಿದ್ದು. ಕಣ್ಣು ಕಟ್ಟಿ ಕೈಗೆ ಕೊಟ್ಟರೂ ಅದು ಎಡದ್ದೋ ಬಲದ್ದೋ ಹೇಳಬಲ್ಲೆ. ಅದರ ಮೇಲೆ ಶುರುವಾಗುವುದು ಕುತ್ತಿಗೆ, ಕುತ್ತಿಗೆಗೆ ಏಳು ಮಣಿ, ಪಕ್ಕೆಲುಬು ಒಂದೂ ಇಲ್ಲ. ಗೂಡಿನಲ್ಲಿ ಒಂದು ಎಲುಬು ಹೆಚ್ಚಾದರೂ ಕಮ್ಮಿಯಾದರೂ ತಪಾಸಣೆಯ ಯಜಮಾನರು ಕೆಂಪು ಚೀಟಿ ಕಟ್ಟಿ ವಾಪಸು ಕಳಿಸುತ್ತಾರೆ.

ಹಾಗಾಗಿ ಆ ಜಾಗದಲ್ಲಿ ಮೂಳೆ ಇರುವುದಿಲ್ಲ ಎನ್ನುವುದು ನನ್ನ ಹೆಸರಿನಷ್ಟೇ ಖಚಿತವಾಗಿ ನನಗೆ ಗೊತ್ತಿತ್ತು. ಮೂಳೆಯಲ್ಲ, ಆದರೆ ಮೂಳೆಯಷ್ಟು ಗಟ್ಟಿ ಎಂದ ಮೇಲೆ ಅದು ಇನ್ನೇನಾಗಿರಬಹುದು? ಒದ್ದೆ ಮೈಯಲ್ಲಿ ನಿಂತುಕೊಂಡೇ ಆ ಕಾಯಿಲೆಗೆ ಹೆಸರೂ ಇಟ್ಟುಬಿಟ್ಟೆ. ಅಲ್ಪವಿದ್ಯಾ ಮಹಾಗರ್ವಿ ಅನ್ನುತ್ತಾರಲ್ಲ, ನನ್ನ ಅಲ್ಪವಿದ್ಯೆಗೆ ಗರ್ವದ ಬದಲು ಭಯ ಬಂದಿತ್ತು.

ಯಾರಿಗೂ ಹೇಳಲಿಲ್ಲ. ಕಾಲರಿನ ಅಂಗಿಗಳನ್ನೇ ಹಾಕಿಕೊಂಡೆ. ಆದರೂ ಕೈ ಸುಮ್ಮನಿರಬೇಕಲ್ಲ, ಗಳಿಗೆಗೊಂದು ಸಲ ಅಲ್ಲಿಗೇ ಹೋಗುತ್ತಿತ್ತು. ತಲೆಬುರುಡೆ ಮೇಜಿನ ಗೆಳತಿ ನೋಡಿ, "ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಕೊಂಡ್ನಂತೆ, ಏನೇ ಕದ್ದಿದ್ದೀಯಾ?" ಎಂದು ಎಲ್ಲರೆದುರು ರೇಗಿಸಿದಳು. ನಕ್ಕುಬಿಟ್ಟು ಶೌಚಾಲಯಕ್ಕೆ ಹೋಗಿ ಅತ್ತೆ. ಮನೆಯಲ್ಲಿ ಕಪಾಟುಗಳನ್ನು ಒಪ್ಪ ಮಾಡತೊಡಗಿದೆ. ನಿನ್ನ ಅಳಿಯನಿಗೆ ಬಟ್ಟೆ ಒಗೆಯುವ ಮಷಿನ್ನಿನ ಗುಂಡಿಗಳನ್ನು ಪರಿಚಯಿಸಿದೆ. ಇಪ್ಪತ್ತೆರಡು ವರ್ಷದಿಂದ ಬಸ್ಸು ಓಡಿಸುವವರಿಗೆ ಆ ನಾಲ್ಕು ಗುಂಡಿ ತಲೆಗೆ ಹತ್ತಲು ನಾಲ್ಕು ದಿನ ಬೇಕಾಯಿತು! ಗ್ಯಾಸಿನ ಚೀಟಿ ಎಲ್ಲಿದೆ, ಚಳಿಯ ಬಟ್ಟೆ ಯಾವ ಪೆಟ್ಟಿಗೆಯಲ್ಲಿ, ಎಲ್ಲ ಹೇಳಿಕೊಟ್ಟೆ. ಒಂದು ಸಂಜೆ ಅವರು ಒಗೆದ ಅಂಗಿಯನ್ನು ಕೈಯಲ್ಲಿ ಹಿಡಿದುಕೊಂಡೇ, "ನನ್ನ ಬಿಟ್ಟು ಎಲ್ಲಿಗೆ ಹೊರಟಿದ್ದೀಯಾ? ಏನು ತಪ್ಪು ಮಾಡಿದೆ ಅಂತಾದ್ರೂ ಹೇಳು" ಅಂದರು. ಇಷ್ಟು ವರ್ಷ ಸಂಸಾರ ಮಾಡಿ ಈಗ ನಾನು ಮನೆ ಬಿಟ್ಟು ಹೋಗುತ್ತೇನೆ ಎಂದುಕೊಂಡಿದ್ದರು ಪಾಪ. ನನಗೆ ನಗು ಬಂತು, ನಗುತ್ತಾ ನಗುತ್ತಾ ಅಳು ಬಂತು. ಅವರ ಬೆರಳು ಹಿಡಿದು ಕುತ್ತಿಗೆಯ ಮೇಲೆ ಇಟ್ಟೆ. ಮರುದಿನ ಅವರು ಡಿಪೋಗೆ ಫೋನು ಮಾಡಿ ಇವತ್ತು ಬರುವುದಿಲ್ಲ ಎಂದರು.

ಆಸ್ಪತ್ರೆಯಲ್ಲಿ ಮೊದಲು ಮುಟ್ಟಿ ನೋಡಿದರು, ಆಮೇಲೆ ಎಕ್ಸ್-ರೇಗೆ ಕಳಿಸಿದರು. ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನ ಹುಡುಗಿ, ಜಡೆಯನ್ನು ಪೆನ್ನಿನಿಂದ ಸುತ್ತಿ ಕಟ್ಟಿದ್ದಳು. ಅವಳು ಫಿಲ್ಮನ್ನು ಬೆಳಕಿನ ಹಲಗೆಗೆ ಸಿಕ್ಕಿಸಿದಳೋ ಇಲ್ಲವೋ, ನನ್ನ ಕಣ್ಣು ಅಭ್ಯಾಸಬಲದಿಂದ ಎಣಿಸತೊಡಗಿತು. ಬಲಗಡೆ ಎಲ್ಲ ಸರಿ. ಎಡಗಡೆ ನನ್ನ ಮೊಂಡು ಒಂದನೆಯದು ತನ್ನ ಜಾಗದಲ್ಲೇ ಇತ್ತು. ಅದರ ಮೇಲೆ, ಕುತ್ತಿಗೆಯ ಕೊನೆಯ ಮಣಿಯಿಂದ, ಇನ್ನೊಂದು ಸಣ್ಣದು ಇಣುಕುತ್ತಿತ್ತು. "ಡಾಕ್ಟ್ರೇ, ಇದು ತಪ್ಪು ಫಿಲ್ಮು. ಎಡಗಡೆ ಹದಿಮೂರಿವೆ" ಎಂದುಬಿಟ್ಟೆ. ಅವಳು ನನ್ನನ್ನು ನೋಡಿದಳು, ಫಿಲ್ಮನ್ನು ನೋಡಿದಳು, ಜೋರಾಗಿ ನಕ್ಕಳು. "ಫಿಲ್ಮು ಸರಿಯಾಗಿದೆ, ನಿಮಗೇ ಒಂದು ಜಾಸ್ತಿ ಇದೆ. ನೀವು ಮುಟ್ಟಿ ಮುಟ್ಟಿ ಹೆದರ್ಕೊಂಡಿದ್ದು ಅದನ್ನೇ." ಅಂಥದ್ದು ಇರುವುದಿಲ್ಲವಲ್ಲ ಎಂದು ನಾನು ವಾದಕ್ಕೇ ಇಳಿದೆ. "ಪುಸ್ತಕದಲ್ಲಿ ಇರಲ್ಲ ಅಮ್ಮಾ. ಮನುಷ್ಯರು ಪುಸ್ತಕ ಓದ್ಕೊಂಡು ಹುಟ್ಟಲ್ಲ" ಅಂದಳು. ನೂರರಲ್ಲಿ ತೊಂಬತ್ತೊಂಬತ್ತು ಜನರಿಗೆ ಇರುವುದಿಲ್ಲವಂತೆ, ಎಲ್ಲೋ ಒಬ್ಬರಿಗೆ ಇರುತ್ತದಂತೆ. ಇದ್ದವರಲ್ಲೂ ಹೆಚ್ಚಿನವರಿಗೆ ಸಾಯುವವರೆಗೂ ಗೊತ್ತೇ ಆಗುವುದಿಲ್ಲವಂತೆ.

ಹೋದ ಜೀವ ಬಂತು ಅಮ್ಮಾ. ಅದನ್ನು ಇನ್ನು ಹೇಗೆ ಬರೆಯಲಿ? ಐದು ವಾರದ ನಂತರ ಅವತ್ತು ಮೊದಲ ಸಲ ಹೊಟ್ಟೆಯವರೆಗೆ ಉಸಿರೆಳೆದುಕೊಂಡೆ, ಇಪ್ಪತ್ತೈದೂ ಎಲುಬು ಒಟ್ಟಿಗೆ ಮೇಲೆದ್ದವು. ನಿನ್ನ ಅಳಿಯ ಬೆಟ್ಟ ಅಗೆದು ಇಲಿ ಹಿಡಿದಳು ಎಂದು ಡಾಕ್ಟರ ಎದುರೇ ನನ್ನನ್ನು ಹಾಸ್ಯ ಮಾಡಿದರು, ಆಮೇಲೆ ಕಾರಿಡಾರಿನ ಬೆಂಚಿನ ಮೇಲೆ ಕೂತು ಮೂಗು ಒರೆಸಿಕೊಂಡರು. ನಾನು ನೋಡದವಳಂತೆ ಗೋಡೆಯ ಮೇಲಿನ ಫಲಕ ಓದಿದೆ. ಮನೆಗೆ ಬಂದು ಮಷಿನ್ನಿನ ಗುಂಡಿಗಳನ್ನು ನಾನೇ ವಾಪಸು ವಹಿಸಿಕೊಂಡೆ.

ಇನ್ನು ನಿನ್ನ ಅರ್ಧ. ಕೈಯನ್ನು ಹೆಗಲಿಗಿಂತ ಮೇಲೆತ್ತಿ ಕೆಲಸ ಮಾಡುವಾಗ ನನಗೆ ಕಿರುಬೆರಳಿನ ಕಡೆ ಜುಂ ಎನ್ನುತ್ತದೆ ಎಂದು ಡಾಕ್ಟರಿಗೆ ಹೇಳಿದ್ದೆ. ಆ ಹೆಚ್ಚಿನ ಎಲುಬು ಕೈಗೆ ಹೋಗುವ ನರವನ್ನು ಒತ್ತಿದರೆ ಹಾಗಾಗುತ್ತದಂತೆ. ನನ್ನದು ಸ್ವಲ್ಪವೇ, ವ್ಯಾಯಾಮ ಸಾಕು, ಹೆಗಲಿಗೆ ಭಾರ ನೇತುಹಾಕಬಾರದು. ಕೆಲವರಿಗೆ ವರ್ಷಗಟ್ಟಲೆ ಒತ್ತಿ ಒತ್ತಿ ಕೈಯ ಹಿಡಿತವೇ ಹೋಗುತ್ತದೆ, ಹೆಬ್ಬೆರಳಿನ ಬುಡದ ಮಾಂಸ ಬತ್ತುತ್ತದೆ, ವಸ್ತುಗಳು ತಾವಾಗಿಯೇ ಜಾರುತ್ತವೆ ಎಂದಳು. "ಮನೇಲಿ ಯಾರಿಗಾದ್ರೂ ಹೀಗಿದೆಯಾ? ಮನೆತನದಲ್ಲಿ ಬರೋದುಂಟು" ಎಂದು ಕೇಳಿದಳು. ಯಾರಿಗೂ ಇಲ್ಲ ಎಂದು ಥಟ್ಟನೆ ಹೇಳಿದೆ. ಮೆಟ್ಟಿಲಿಳಿಯುತ್ತಿದ್ದಾಗ ಕಾಲು ನಿಂತುಬಿಟ್ಟಿತು.

ನಿನ್ನ ಎಡಗೈ ಅಮ್ಮಾ. ಆ ಹೆಬ್ಬೆರಳಿನ ಬುಡದ ಗುಳಿ. ಅದು ಕೆಲಸ ಮಾಡಿ ಸವೆದದ್ದು ಎಂದುಕೊಂಡಿದ್ದೆವು. ಲೋಟ, ತಟ್ಟೆ ಬೀಳುತ್ತಲೇ ಇದ್ದವು, ಒಂದು ಸಲ ಕುದಿಯುವ ನೀರಿನ ಪಾತ್ರೆ ಅಕ್ಕನ ಕಾಲ ಪಕ್ಕದಲ್ಲೇ ಬಿತ್ತು. "ಇವಳ ಕೈಲಿ ಏನೂ ನಿಲ್ಲಲ್ಲ, ಗಮನ ಎಲ್ಲಿರುತ್ತೋ" ಎಂದು ಅಪ್ಪ ಸಾಯುವವರೆಗೂ ಬೈದರು. ನಾವು ಮಕ್ಕಳು ನಿನಗೆ "ಢಣಾರಮ್ಮ" ಎಂದು ಹೆಸರಿಟ್ಟು ಬೆನ್ನ ಹಿಂದೆ ನಗುತ್ತಿದ್ದೆವು. ನಿನಗೂ ಕೇಳಿಸುತ್ತಿತ್ತು ಎಂದು ಈಗ ಅನ್ನಿಸುತ್ತದೆ. ನೀನೊಂದು ದಿನವೂ ಕೈ ಸೋಲುತ್ತಿದೆ ಎನ್ನಲಿಲ್ಲ. ನಿನ್ನ ಗಮನವೇ ಸರಿಯಿಲ್ಲವೆಂದು ನೀನೂ ನಂಬಿಬಿಟ್ಟೆಯಾ?

ನನ್ನ ಮಗಳು ಹುಟ್ಟಿದಾಗ ಆಸ್ಪತ್ರೆಗೆ ಬಂದೆಯಲ್ಲ. ನಮ್ಮತ್ತೆ ಎತ್ತಿಕೊಂಡರು, ಅಕ್ಕ ಎತ್ತಿಕೊಂಡಳು, ನೀನು ಮಾತ್ರ ಬಲಗೈಯಿಂದ ಎಡ ಮಣಿಕಟ್ಟು ಹಿಡಿದುಕೊಂಡು ನಿಂತಿದ್ದೆ. "ಕೂತ್ಕೋತೀನಿ, ತೊಡೆ ಮೇಲೆ ಹಾಕು" ಅಂದೆ. ನಾನು ಎಲ್ಲರೆದುರಿಗೆ "ಎತ್ಕೊಂಡ್ರೆ ಸವೆದು ಹೋಗ್ತೀಯಾ?" ಎಂದು ಕೇಳಿದೆ. ತೊಡೆಯ ಮೇಲೂ ಹಾಕಲಿಲ್ಲ. ನೀನು ಬಿಸಿನೀರು ತರುತ್ತೇನೆಂದು ಹೊರಗೆ ಹೋದೆ. ಇಪ್ಪತ್ತನಾಲ್ಕು ವರ್ಷ ನಾನು ಅದನ್ನು ಎದೆಯಲ್ಲಿಟ್ಟುಕೊಂಡು ಮುನಿದೆ, ನಿನಗೆ ನನ್ನ ಮಗು ಬೇಡವಾಗಿತ್ತು ಎಂದು. ಬೀಳಿಸಿಬಿಟ್ಟೇನೆಂದು ನೀನು ಹೆದರಿದ್ದೆ. ಅಷ್ಟೇ ಅಲ್ಲವೇ? ಮೆಟ್ಟಿಲು ಹತ್ತಿ ವಾಪಸು ಹೋಗಿ ನಿನ್ನ ಕೈಯ ಬಗ್ಗೆ ಕೇಳಿದರೆ, ಕಣ್ಣಾರೆ ನೋಡದೆ ಏನೂ ಹೇಳಲಾರೆ ಎಂದಳು ಡಾಕ್ಟರು, ಅದು ಅವಳ ಧರ್ಮ. ಆದರೆ ನನಗೆ ಸಂಶಯವಿಲ್ಲ. ನನ್ನನ್ನು ಕ್ಷಮಿಸು ಅಮ್ಮಾ. ಕುತ್ತಿಗೆಯ ಗಂಟು ಮೂಳೆ ಎಂದು ಗೊತ್ತಾದಾಗ ಎಷ್ಟು ಹಗುರವಾಯಿತೋ ಇದು ಗೊತ್ತಾದಾಗಲೂ ಅಷ್ಟೇ ಹಗುರವಾಯಿತು. ಆಮೇಲೆ ನಾಚಿಕೆಯಾಯಿತು.

ಅಕ್ಕ ಭಾವನಿಗೆ ನನ್ನ ನೆನಪು ಹೇಳು. ಕನ್ನಡಕ ಹಾಕಿಕೋ. ದೂರದಿಂದಲೇ ನನ್ನ ತಲೆಯ ಮೇಲೆ ಕೈಯಿಡು, ಎಡಗೈಯಾದರೂ ಸರಿ.

ನಿನ್ನ ಚಿಕ್ಕವಳು

ತಾ.ಕ.: ಗಂಟೆ ಹೊಡೆದರು, ಮೇಜಿಗೆ ಓಡಬೇಕು, ಹೇಳಬೇಕಾದದ್ದೇ ಉಳಿಯಿತು. ನನ್ನ ಮಗಳು ಹೆತ್ತು ಮೂರು ತಿಂಗಳಾದರೂ ಮಗುವನ್ನು ನಿನಗೆ ತೋರಿಸಲು ಬರಲಿಲ್ಲವಲ್ಲ, ಅವಳ ತಪ್ಪಿಲ್ಲ. ಪ್ರಯಾಣ ಕಷ್ಟ ಎಂದು ಅಕ್ಕನಿಗೆ ಹೇಳಿದ್ದು ಸುಳ್ಳು. "ಅಷ್ಟು ದೂರ ಹೋಗಿ ಏನು, ನಿನ್ನಜ್ಜಿ ಎತ್ಕೊಳ್ಳಲ್ಲ" ಎಂದು ತಡೆದವಳು ನಾನೇ. ಮುಂದಿನ ವಾರ, ಶನಿವಾರ ಬೆಳಗಿನ ರೈಲಿಗೆ ಅವಳು, ಮಗು, ನಾನು ಬರುತ್ತಿದ್ದೇವೆ. ಸೋಮವಾರ ನಿನ್ನನ್ನು ಎಕ್ಸ್-ರೇಗೆ ಕರೆದುಕೊಂಡು ಹೋಗುತ್ತೇನೆ, ಅದು ಆಮೇಲಿನ ಮಾತು. ಮೊದಲು ಮಗುವನ್ನು ಎತ್ತಿಕೋ. ಕೂತಲ್ಲ, ನಿಂತುಕೊಂಡೇ ಎತ್ತಿಕೋ. ನಿನ್ನ ಎಡಗೈಯ ಕೆಳಗೆ ನನ್ನ ಎರಡೂ ಕೈ ಇರುತ್ತವೆ.