ಉಪ್ಪಿನ ಕಲ್ಲಿಗೆ ಪೋಪನ ಹೆಸರು

ಲಸ್ಕಾರ್ ಹಳ್ಳಿ, ಒರಿಯಾಕ್ ಬಳಿ
೧೪ ಸೆಪ್ಟೆಂಬರ್ ೧೯೯೯

ಪೋಪ್ ಜೆರ್ಬೆರ್ ಸ್ಮರಣೋತ್ಸವ ಸಮಿತಿಯ ಅಧ್ಯಕ್ಷರೂ, ದುರದೃಷ್ಟವಶಾತ್ ನನ್ನ ಗಂಡನೂ ಆದ ಲೆಯೋನ್ಸ್ ಅವರಿಗೆ,

ನಿಮ್ಮ ಕಾಗದ ತಲುಪಿತು. ವರ್ಷಗಟ್ಟಲೆ ಬೇರೆ ಮನೆ ಮಾಡಿಕೊಂಡಿದ್ದವರು 'ಪ್ರಿಯ ಒಡಿಲ್' ಎಂದು ಶುರುಮಾಡಿದಾಗಲೇ ನನ್ನಿಂದ ಏನೋ ಆಗಬೇಕಾಗಿದೆ ಎಂದು ತಿಳಿಯಿತು. ಭಾನುವಾರ ನಾನು ಪೇಟೆಗೆ ಬಂದು, ಬಿಷಪ್ಪರ ಮುಂದೆ, ಟೀವಿಯವರ ಮುಂದೆ ನಿಂತು, ನಮ್ಮ ಕೊಟ್ಟಿಗೆಯಿಂದ ನೀವು ಹೊತ್ತುಕೊಂಡು ಹೋದ ಕಲ್ಲನ್ನು ನಮ್ಮ ಹಿರಿಯರು 'ಪೋಪನ ತೊಟ್ಟಿ' ಎಂದೇ ಕರೆಯುತ್ತಿದ್ದರೆಂದು ಹೇಳಬೇಕು. ನಿಮ್ಮ ಪ್ರಕಾರ, ಸಾವಿರಕ್ಕೂ ಹೆಚ್ಚು ವರ್ಷದ ಹಿಂದೆ ಕೂಸು ಜೆರ್ಬೆರ್‌ಗೆ ಜ್ಞಾನಸ್ನಾನವಾದ ಆ ತೊಟ್ಟಿಯಲ್ಲೇ ಈಗ ನಮ್ಮ ಮೊಮ್ಮಗನಿಗೂ ಜ್ಞಾನಸ್ನಾನ, ಅವನಿಗೂ ಜೆರ್ಬೆರ್ ಎಂದೇ ಹೆಸರು. ಮಗಳು ಸೊಲಾಂಜ್‌ಳನ್ನು ಒಂದು ಮಾತು ಕೇಳಿದಿರಾ? 'ಅಪ್ಪ ಆಗ್ಲೇ ಎಲ್ರಿಗೂ ಕಾರ್ಡು ಹಂಚ್ಬಿಟ್ಟಿದಾರಮ್ಮ, ನಾನು ಬೇಡ ಅಂದ್ರೆ ಅವರ ಮರ್ಯಾದೆ ಏನಾಗ್ಬೇಕು' ಎಂದು ಅತ್ತುಕೊಂಡು ಬಂದಳು. ಕತ್ತು ನಿಲ್ಲದ ಕೂಸನ್ನೂ ನಿಮ್ಮ ನಾಟಕಕ್ಕೆ ಎಳೆಯಬೇಕೆ?

ಅದು ಉಪ್ಪಿನ ಕಲ್ಲು, ಮೇಷ್ಟ್ರೇ. ನಮ್ಮ ಸಾಲೇರ್ ತಳಿಯ ಹಸುಗಳು ಕರು ಪಕ್ಕದಲ್ಲಿಲ್ಲದೆ ಹಾಲಿಳಿಸುವುದಿಲ್ಲ ಎಂಬುದಾದರೂ ನೆನಪಿದೆಯೋ? ಕರುವನ್ನು ತಾಯಿಯ ಮುಂಗಾಲಿಗೆ ಕಟ್ಟಿ ಬೆನ್ನ ಮೇಲೆ ಉಪ್ಪು ಉದುರಿಸಿದರೆ ತಾಯಿ ನೆಕ್ಕುತ್ತಾ ನಿಲ್ಲುತ್ತದೆ, ನಾವು ಹಾಲು ಕರೆಯುತ್ತೇವೆ. ಆ ಉಪ್ಪು ಇಡುತ್ತಿದ್ದದ್ದು ಆ ಕಲ್ಲಿನ ಮೇಲೆ. ಹೋಗುವ ಬರುವ ಹಸುಗಳೆಲ್ಲ ನಾಲಿಗೆ ಹಾಕಿ ಹಾಕಿ ಅದು ಬೋಗುಣಿಯಂತೆ ಸವೆಯಿತು. ಪ್ಯಾರಿಸ್ಸಿನಿಂದ ಬಂದ ಪಂಡಿತರು ಬೆರಳಾಡಿಸಿ 'ಎಂಥಾ ನುಣುಪು, ಯಾವ ಶಿಲ್ಪಿಯ ಕೈಚಳಕವೋ' ಎಂದರಂತೆ. ಶಿಲ್ಪಿ ಇಲ್ಲೇ ಮೆಲುಕು ಹಾಕುತ್ತಾ ಮಲಗಿದ್ದಾಳೆ, ಹೆಸರು ಫ್ರಿಸಾದ್. ಕಲ್ಲು ಹೋದಾಗಿನಿಂದ ಬರೀ ನೆಲ ನೆಕ್ಕುತ್ತಾಳೆ.

ನನ್ನ ಜಗಳ ಪೋಪನ ಮೇಲಲ್ಲ. ಆತ ಬುದ್ಧಿವಂತ. ಕುರಿ ಕಾಯುವಾಗ ಟೊಳ್ಳು ಕಡ್ಡಿಗೆ ಕಣ್ಣಿಟ್ಟು ನಕ್ಷತ್ರ ನೋಡುತ್ತಿದ್ದ ಆ ಬಡ ಹುಡುಗನನ್ನು ಸನ್ಯಾಸಿಗಳು ಮಠಕ್ಕೆ ಕರೆದೊಯ್ದರೆಂದು ನಮ್ಮಜ್ಜಿ ಹೇಳುತ್ತಿದ್ದಳು. ಸ್ಪೇನಿನ ಕಡೆ ಹೋಗಿ ಅರಬರ ಅಂಕಿ ಕಲಿತ, ರಾಜಕುಮಾರರಿಗೆ ಪಾಠ ಹೇಳಿದ, ಫ್ರೆಂಚರಲ್ಲಿ ಮೊದಲಿಗನಾಗಿ ರೋಮಿನ ಗದ್ದುಗೆ ಏರಿದ. ಲೆಕ್ಕ ಬಾರದ ಜನ ಏನೆಂದರು? ದೆವ್ವಕ್ಕೆ ಆತ್ಮ ಮಾರಿಕೊಂಡಿದ್ದಾನೆ, ಕೇಳಿದ್ದಕ್ಕೆಲ್ಲ ಉತ್ತರ ಕೊಡುವ ಹಿತ್ತಾಳೆಯ ತಲೆ ಇಟ್ಟುಕೊಂಡಿದ್ದಾನೆ ಎಂದರು. ಪೋಪ್ ಆದವರಿಗೆ ಸಾವು ಹತ್ತಿರವಾದಾಗಲೆಲ್ಲ ಅವನ ಗೋರಿ ಬೆವರುತ್ತದಂತೆ. ಸಾವಿರ ವರ್ಷವಾದರೂ ಆ ಬಡಪಾಯಿಯನ್ನು ಜನ ಬಿಟ್ಟಿಲ್ಲ, ಈಗ ನೀವು ಬೇರೆ. ನಿಮ್ಮ ಭಾಷಣ ಕೇಳಿದರೆ ಗೋರಿ ಬೆವರುವುದಿರಲಿ, ಎದ್ದು ಓಡೀತು.

ಅವನ ಒಂದು ಗುಣ ಮಾತ್ರ ನಿಮ್ಮ ಭಾಷಣದಲ್ಲಿ ಎಂದೂ ಬರುವುದಿಲ್ಲ. ದೊಡ್ಡವನಾದ ಮೇಲೂ ಆತ ಒರಿಯಾಕಿನ ಹಳೆಯ ಗುರುಗಳಿಗೆ ಕಾಗದ ಬರೆಯುತ್ತಿದ್ದ, ತನ್ನ ವಿದ್ಯೆಯೆಲ್ಲ ಅವರ ಋಣ ಎನ್ನುತ್ತಿದ್ದ. ಮತ್ತೆ ನೀವು? ನನ್ನ ತವರಿನ ಹಸು ಕಾಯುತ್ತಿದ್ದ ನಿಮ್ಮಪ್ಪ ಒಗುಸ್ತ್ ಅವರನ್ನು, ಮರದ ಮೆಟ್ಟು ಸದ್ದು ಮಾಡುತ್ತದೆಂದು ನಮ್ಮ ಮದುವೆಯ ದಿನ ಅಡುಗೆಮನೆಯಲ್ಲಿ ಕೂರಿಸಿದಿರಿ. ನಾನು ತಟ್ಟೆ ಹಿಡಿದು ಹೋದರೆ, 'ಇರ್ಲಿ ಬಿಡವ್ವ, ಅವ್ನು ಓದ್ದೋನು. ಇಲ್ಲಿ ಬೆಚ್ಗಿದೆ' ಎಂದರು. ಆ ಕಲ್ಲಿಗೆ ದಿನಾ ಉಪ್ಪು ಹಾಕುತ್ತಿದ್ದವರು ಅವರೇ. ಅವರಿದ್ದಷ್ಟು ದಿನ ಸೆಗಣಿ ವಾಸನೆಗೆ ಮೂಗು ಮುಚ್ಚಿಕೊಂಡು ಕೊಟ್ಟಿಗೆಯ ಹೊಸ್ತಿಲು ತುಳಿಯದವರಿಗೆ ಅದು ಎಲ್ಲಿಂದ ತಿಳಿಯಬೇಕು? ಹೆತ್ತ ಅಪ್ಪನ ಕಲ್ಲು ಗುರುತು ಹತ್ತಲಿಲ್ಲ, ಯಾವ ಕಾಲದ್ದೋ ಪೋಪನ ತೊಟ್ಟಿ ಮಾತ್ರ ಕಂಡಕೂಡಲೇ ಗುರುತಾಯಿತು. ನಿಮ್ಮನ್ನು ನೆನೆದರೆ ನನಗೆ ಸಿಟ್ಟೂ ಬರುವುದಿಲ್ಲ, ಹೇಸಿಗೆಯಾಗುತ್ತದೆ.

ಸುಳ್ಳು ಸಾಕ್ಷಿ ಹೇಳಲು ನಾನು ಬರುವುದಿಲ್ಲ. ಶನಿವಾರದೊಳಗೆ ಕಲ್ಲು ತಂದು ಅದರ ಜಾಗದಲ್ಲಿಡಿ. ಇಲ್ಲವಾದರೆ ಭಾನುವಾರ ಫ್ರಿಸಾದ್‌ಳನ್ನು ಹೊಡೆದುಕೊಂಡು ಬರುತ್ತೇನೆ. ತೊಟ್ಟಿ ಯಾರದೆಂದು ಬಿಷಪ್ಪರ ಮುಂದೆ ಅವಳೇ ತೋರಿಸುತ್ತಾಳೆ.

ಕಾನೂನಿನ ಪ್ರಕಾರ ಇನ್ನೂ ನಿಮ್ಮ ಹೆಂಡತಿ,
ಒಡಿಲ್

ತಾ.ಕ.: ಬಿಷಪ್ಪರಿಗೆ ಈಗಲೇ ತಿಳಿಸಿಬಿಡಿ. ಮಗುವಿಗೆ ಇವತ್ತು ಬೆಳಿಗ್ಗೆ ನಮ್ಮ ಹಳ್ಳಿಯ ಚರ್ಚಿನಲ್ಲೇ ಜ್ಞಾನಸ್ನಾನ ಆಯಿತು. ಒಮ್ಮೆ ಆದದ್ದನ್ನು ಇನ್ನೊಮ್ಮೆ ಮಾಡುವಂತಿಲ್ಲ, ನಿಮ್ಮ ಪೋಪನೇ ಎದ್ದು ಬಂದರೂ ಆಗದು. ಹೆಸರೇನೆಂದು ಪಾದ್ರಿ ಕೇಳಿದಾಗ ನಾನು ಬಾಯಿ ತೆರೆಯುವ ಮುಂಚೆಯೇ ಸೊಲಾಂಜ್ 'ಒಗುಸ್ತ್' ಎಂದಳು. ಮಗುವಿನ ಕಿವಿ ಥೇಟ್ ನಿಮ್ಮಪ್ಪನದೇ. ನೋಡಬೇಕೆನಿಸಿದರೆ ಬನ್ನಿ. ಅಡುಗೆಮನೆಯಲ್ಲಿ ಕೂರಿಸುತ್ತೇನೆ, ಅಲ್ಲಿ ಬೆಚ್ಚಗಿದೆ.