ಢಾಕಾದ ಗೆಲುವಿಗೆ ಹಂಚಿದ ಸಕ್ಕರೆ

ಸುರಪುರ
೧೨ ಆಗಸ್ಟ್ ೧೯೫೧

ಪ್ರೀತಿಯ ಭಾಯಿಜಾನ್‌ಗೆ ತಮ್ಮ ಗೌಸನ ಸಲಾಮು.

ಬಲಗೈ ಹೆಬ್ಬೆರಳಿನ ಬಾವು ಇಳಿಯಿತೇ? ಗೋಲಿನಲ್ಲಿ ನಿಲ್ಲುವವನಿಗೆ ಬೆರಳೇ ಅನ್ನ, ಅಲಕ್ಷ್ಯ ಮಾಡಬೇಡ. ಅಮ್ಮಿಯ ಮಂಡಿನೋವು ಮಳೆಗೆ ತುಸು ಹೆಚ್ಚಿದೆ. ಉಳಿದಂತೆ ಗಟ್ಟಿಯಾಗಿದ್ದಾಳೆ. ಈ ಸಲ ಉರ್ದು ಬಿಟ್ಟು ಕನ್ನಡದಲ್ಲಿ ಬರೆಯುತ್ತಿದ್ದೇನೆ. ನೀನು ತಡೆದು ತಡೆದು ಓದಬೇಕಾದೀತು. ಆದರೆ ಅಮ್ಮಿಗೆ ಕನ್ನಡದ ಅಕ್ಷರ ಬಾರದು, ಅದಕ್ಕೇ.

ಕಲ್ಕತ್ತೆಯ ಫುಟ್‌ಬಾಲ್ ತಂಡ ಬಿಟ್ಟು ಢಾಕಾದ ಕ್ಲಬ್ಬಿಗೆ ಸೇರಿದ ಮೇಲೆ ನೀನು ಬರೆದ ಕಾರ್ಡುಗಳನ್ನೆಲ್ಲ ನಾನು ಕಟ್ಟೆಯ ಮೇಲೆ ಕುಳಿತು ಓದಿ ಹೇಳಿದ್ದೇನೆ. ನಿಮ್ಮ ತಂಡ ಮೊದಲ ದರ್ಜೆಯ ಲೀಗಿನಲ್ಲಿ ಇನ್ನೂ ಸೋತಿಲ್ಲ ಎಂಬುದು ಈಗ ಇಡೀ ಓಣಿಗೆ ಗೊತ್ತು. ಪಕ್ಕದ ಮನೆಯ ಯಂಕಮ್ಮ ಪ್ರತಿ ಸಲ “ಕರೀಮ ಎಷ್ಟು ಒದ್ದಾನಪಾ?” ಎಂದು ಕೇಳುತ್ತಾಳೆ. ಅವನು ಒದೆಯುವುದಿಲ್ಲ, ಹಿಡಿಯುತ್ತಾನೆ ಎಂದರೆ, “ಎಲ್ಲಾರೂ ಕೂಡಿ ಒದಿಯೂದು, ಇಂವ ಒಬ್ಬನೇ ಹಿಡಿಯೂದು! ಹಂಗಾರ ಇವಗ ಪಗಾರ ಡಬಲ್ ಕೊಡಬೇಕಲ್ಲ!” ಎಂದು ಜಗಳಕ್ಕೇ ನಿಲ್ಲುತ್ತಾಳೆ. ಅಮ್ಮಿ ಪ್ರತಿ ಗೆಲುವಿಗೂ ರೇಶನ್ನಿನ ಸಕ್ಕರೆ ಹಂಚುತ್ತಾಳೆ. ನಮ್ಮಿಬ್ಬರ ಚಹಾಕ್ಕೆ ಮಾತ್ರ ಬೆಲ್ಲ.

ರಮಜಾನ್ ಮುಗಿದ ವಾರ ಅವಳು ಸಕ್ಕರೆ ತಟ್ಟೆ ಹಿಡಿದು ನಿಂತಾಗ ಕಂದಾಯ ಇಲಾಖೆಯ ಗಿರದಾವರರು ಓಣಿಯಲ್ಲಿ ಬಂದರು. ಕರೆದು ಅವರ ಅಂಗೈಗೂ ಸುರಿದಳು. ಅವರು ಬಾಯಿಗೆ ಹಾಕಿಕೊಳ್ಳುತ್ತ, “ಎಲ್ಲದಾನ್ರಿ ಅಮ್ಮಾ ಮಗ?” ಎಂದರು. “ಢಾಕಾದಾಗ ಅದಾನ್ರಿ. ಇರಾಕ ಕೋಲಿ ಕೊಟ್ಟಾರ, ಪಗಾರ ಕೊಟ್ಟಾರ.” “ಖಾಯಂ ಅಲ್ಲೇ ಇರ್ತಾನೇನ್ರಿ?” ನೌಕರಿ ಖಾಯಮ್ಮೋ ಎಂದು ಕೇಳುತ್ತಿದ್ದಾರೆಂದುಕೊಂಡು ಅಮ್ಮಿ ತಲೆ ಎತ್ತಿ ಹೇಳಿದಳು: “ಖಾಯಂ ಅಂದ್ರ ಖಾಯಂ! ಬಿಟ್ರ ತಾನೇ ಅವರು!” ಅವಳ ಲೆಕ್ಕದಲ್ಲಿ ಢಾಕಾ ಎಂದರೆ ಕಲ್ಕತ್ತೆಯ ಆಚೆಗಿರುವ, ಸಣ್ಣ ನೂಲಿನ ಬಟ್ಟೆ ನೇಯುವ ಊರು. ಅದು ಈಗ ಪಾಕಿಸ್ತಾನ ಎಂದು ನಾವಿಬ್ಬರೂ ಅವಳಿಗೆ ಹೇಳಿರಲೇ ಇಲ್ಲ.

ಹತ್ತು ದಿನದ ಮೇಲೆ ನಮ್ಮ ಬಾಗಿಲಿಗೆ ನೋಟೀಸು ಅಂಟಿಸಿದರು. ದೇಶ ಬಿಟ್ಟು ಹೋದವರ ಆಸ್ತಿಯನ್ನು ಸರ್ಕಾರ ವಶಕ್ಕೆ ತೆಗೆದುಕೊಳ್ಳುವುದು ನಿನಗೂ ಗೊತ್ತು. ಅಬ್ಬಾ ತೀರಿದ ಮೇಲೆ ಮನೆ ನಮ್ಮಿಬ್ಬರ ಹೆಸರಿನಲ್ಲಿ ಕೂಡಿಯೇ ಇದೆಯಲ್ಲ, ಅದಕ್ಕೇ ಇಡೀ ಮನೆಯ ಮೇಲೆ ಕಣ್ಣು ಬಿದ್ದಿದೆ. ಬಕ್ರೀದಿಗೆ ಮೊದಲಿನ ಸೋಮವಾರ ಅಧಿಕಾರಿ ಶಹಾಪುರಕ್ಕೆ ಬಂದು ವಿಚಾರಣೆ ಮಾಡುತ್ತಾರೆ. ಅಮ್ಮಿಗೆ ನಾನು ಮನೆಪಟ್ಟಿಯ ಕಾಗದ ಎಂದಿದ್ದೇನೆ. ನಿಜ ತಿಳಿದ ಯಂಕಮ್ಮ “ಅಕಿಗಿ ಹೇಳಬ್ಯಾಡಪಾ, ತನ್ನ ಮಾತಿಂದಾತು ಅಂತ ಎದಿ ಒಡಕೋತಾಳ” ಎಂದಳು. ಈಗ ಅವಳೂ ಒದೆಯುವ ಹಿಡಿಯುವ ಮಾತು ಬಿಟ್ಟಿದ್ದಾಳೆ.

ವಕೀಲ ಭಗವಂತರಾಯರನ್ನು ಕಾಣಲು ಯಾದಗಿರಿಗೆ ಹೋಗಿದ್ದೆ. ಅವರ ಬಾಗಿಲಲ್ಲಿ ಬಹಳ ಹೊತ್ತು ನಿಂತು, ಕೆಮ್ಮಿ, ಒಳಗೆ ಹೋದೆ. ನೀನೇ ಅಧಿಕಾರಿಯ ಎದುರು ನಿಂತು, ‘ನಾನು ಆಡಲು ಹೋದವನು, ನೆಲೆಸಲು ಅಲ್ಲ’ ಎಂದರೆ ಮನೆ ಉಳಿದೀತು ಎಂದರು. ಲೀಗಿನ ಕೊನೆಯ ಪಂದ್ಯವೂ ಅದೇ ವಾರ, ಗೆದ್ದರೆ ಕಪ್ಪು ನಿಮ್ಮದೇ ಎಂದು ನೀನು ಬರೆದಿದ್ದೀ. ಇಡೀ ಮಳೆಗಾಲ ಕೆಸರಿನಲ್ಲಿ ಬಿದ್ದೆದ್ದು ಕಾಯ್ದ ಗೋಲನ್ನು ಬೇರೆಯವನ ಕೈಗೆ ಬಿಟ್ಟು ಬಾ ಎನ್ನುವುದು ಎಂಥ ಮಾತೆಂದು ನನಗೆ ಗೊತ್ತು. ಆಟ ಬಾರದವನು ನಾನು, ಆದರೂ ಗೊತ್ತು.

ಅಮ್ಮಿ ನಿನ್ನ ಹೆಸರಲ್ಲಿ ದುವಾ ಮಾಡುತ್ತಾಳೆ. ಯಂಕಮ್ಮನೂ ನೆನೆದಿದ್ದಾಳೆ. ಮೈ ನೋಡಿಕೊ.

ನಿನ್ನ ತಮ್ಮ,
ಗೌಸ್ ಮೊಹಿಯುದ್ದೀನ

ತಾ.ಕ.: ಟಪಾಲು ಹೊರಡುವ ಹೊತ್ತಾಯಿತು. ಮೇಲೆ ಬರೆಯಲು ಕೈ ಬರಲಿಲ್ಲ. ವಕೀಲರು ಇನ್ನೊಂದು ಮಾತು ಹೇಳಿದ್ದಾರೆ: “ಅಂವ ಬರದಿದ್ರ ಸುಮ್ನ ಜಗ್ಗಬ್ಯಾಡ. ನಮ್ಮ ಅಣ್ಣ ದೇಶ ಬಿಟ್ಟು ಹೋಗ್ಯಾನ ಅಂತ ನೀನೇ ಹೇಳು, ನಿನ್ನ ಪಾಲಾದ್ರೂ ಉಳೀತದ.” ಹಾಗೆ ಹೇಳಿದ ಮೇಲೆ ನೀನು ಈ ಊರಿನವನಲ್ಲ ಎಂದೇ ಬರೆದುಕೊಳ್ಳುತ್ತಾರೆ. ನಾಲ್ಕು ಜನರ ಮುಂದೆ ನನಗೆ ಬಾಯಿ ಬರುವುದಿಲ್ಲ ಎಂದು ನೀನು ನಗುತ್ತಿದ್ದೆ. ಅಂದು ಬರುತ್ತದೆ, ಭಾಯಿಜಾನ್. ಅಮ್ಮಿ ಮಲಗುವ ಕೋಣೆಯಾದರೂ ಉಳಿಯಬೇಕು. ನಾನು ಹೇಳಿಬಿಡುವ ಮೊದಲು ಬಾ.